ಎರಡು ಹೊಳೆಯ ಮುಗುಡು, ಎರಡು ಲೆಕ್ಕ: ಪರೋಪಜೀವಿ ವ್ಯತ್ಯಾಸ ಹೊಳೆಯದೋ, ಬಕೆಟ್ಟಿನದೋ?

ಮೀನಿನ ಮೈಯ ಪರೋಪಜೀವಿ ಹುಳ ಎಣಿಸುವ ಪ್ರಾಜೆಕ್ಟ್ ವಿದ್ಯಾರ್ಥಿಗಳ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬಂಟ್ವಾಳ ಕಡೆ ನೇತ್ರಾವತಿಯ ತೋಡಿನಿಂದ ತಂದ ಮುಗುಡಿನ (ಮೀಸೆಯ ಕ್ಯಾಟ್‌ಫಿಶ್) ಕರುಳಲ್ಲಿ ಲಾಡಿಹುಳು ಧಾರಾಳ, ಕಿವಿರಿನಲ್ಲಿ ಏನೂ ಇಲ್ಲ. ಬಾರ್ಕೂರು ಕಡೆ ಸೀತಾ ನದಿಯ ಬಯಲಿನಿಂದ ತಂದ ಮುಗುಡಿನಲ್ಲಿ ಕಿವಿರು ತುಂಬ ಹುಳ, ಕರುಳು ಖಾಲಿ. ಮೀನು ಅದೇ. ಊರುಗಳ ನಡುವಿನ ದೂರ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುವಷ್ಟು. ಪ್ರಾಜೆಕ್ಟ್ ವರದಿಯಲ್ಲಿ ‘ಭೌಗೋಳಿಕ ವ್ಯತ್ಯಾಸ ಕಂಡುಬಂದಿದೆ’ ಎಂದು ಬರೆಯಲು ಕೈ ತುರಿಸುತ್ತದೆ.

ಅಂಥ ವ್ಯತ್ಯಾಸ ಇರುವುದೇ ಇಲ್ಲ ಎಂದಲ್ಲ. ಸಿಹಿನೀರಿನ ಮೀನಿಗೆ ಪ್ರತಿ ಹೊಳೆಯೂ ಒಂದು ದ್ವೀಪ. ಒಂದೇ ಜಾತಿಯ ಮೀನಿನ ಬೇರೆ ಬೇರೆ ನೆಲೆಗಳ ನಡುವೆ ದೂರ ಹೆಚ್ಚಿದಷ್ಟೂ ಅವುಗಳ ಪರೋಪಜೀವಿ ಬಳಗದ ಹೋಲಿಕೆ ಕುಗ್ಗುತ್ತದೆಯೇ ಎಂದು ರಾಬರ್ಟ್ ಪೌಲಿನ್ ಮತ್ತು ಸೆರ್ಜ್ ಮೊರಾಂಡ್ 1999ರಲ್ಲೇ ಪರೀಕ್ಷಿಸಿದ್ದಾರೆ. ಅಲ್ಲಿಂದ ಈಚೆಗೆ ಇದು ಮೀನು ಪರೋಪಜೀವಿ ಅಧ್ಯಯನದ ದೊಡ್ಡ ಪ್ರಶ್ನೆಗಳಲ್ಲೊಂದು. ಆದರೆ ಸಣ್ಣ ಸಮೀಕ್ಷೆಗಳಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ಹುಟ್ಟುವುದು ಹೊಳೆಯಲ್ಲಲ್ಲ. ಮೀನು ಹಿಡಿದ ಕೈಯಿಂದ ಮೈಕ್ರೋಸ್ಕೋಪಿನ ಮೇಜಿನವರೆಗಿನ ದಾರಿಯಲ್ಲಿ. ಆ ದಾರಿಯನ್ನು ಹಿಂದಕ್ಕೆ ನಡೆದು ನೋಡುವ ಕ್ರಮ ಇಲ್ಲಿದೆ.

ಒಟ್ಟು ಸಂಖ್ಯೆ ಬಿಡಿ, ಕಾಣೆಯಾದವು ಯಾವ ಗುಂಪಿನವು ನೋಡಿ

ಎಲ್ಲಕ್ಕೂ ಮೊದಲು ಮಾಡಬೇಕಾದ್ದು ಇದು. ಹುಳಗಳನ್ನು ಜಾತಿವಾರು ಅಲ್ಲ, ಬದುಕುವ ಬಗೆಯ ಪ್ರಕಾರ ಮೂರು ಗುಂಪು ಮಾಡಿ. ಚರ್ಮ, ಕಿವಿರುಗಳ ಮೇಲಿದ್ದು ಮೀನಿನಿಂದ ಮೀನಿಗೆ ನೇರವಾಗಿ ದಾಟುವವು: ಏಕಕೋಶಿ ಟ್ರೈಕೊಡಿನಾ, ಚಪ್ಪಟೆ ಹುಳು ಗೈರೊಡ್ಯಾಕ್ಟಿಲಸ್, ಮುಗುಡಿನ ಬಳಗವಾದ ಕ್ಲೇರಿಯಸ್ ಮೀನುಗಳ ಕಿವಿರಿನಲ್ಲಿ ಸಿಗುವ ಕ್ವಾಡ್ರಿಅಕ್ಯಾಂತಸ್. ಎರಡನೆಯದು, ಕರುಳಿನಲ್ಲಿದ್ದು ಮೀನಿನ ಆಹಾರದ ಮೂಲಕ ಒಳಗೆ ಬಂದವು: ಕೆಸರಿನ ಟ್ಯೂಬಿಫೆಕ್ಸ್ ಬಳಗದ ಹುಳುಗಳ ಮೂಲಕ ಬರುವ ಲೈಟೋಸೆಸ್ಟಸ್‌ನಂಥ ಲಾಡಿಹುಳು, ಸೈಕ್ಲೋಪ್ಸ್‌ನಂಥ ಕೋಪೆಪಾಡ್‌ಗಳ, ಅಂದರೆ ನೀರಿನ ಪುಟ್ಟ ಜೀವಿಗಳ, ಮೂಲಕ ಬರುವ ಪ್ರೊಕಮಲ್ಲಾನಸ್ ದುಂಡುಹುಳು. ಮೂರನೆಯದು, ಮಾಂಸ ಅಥವಾ ಒಳ ಅಂಗಗಳಲ್ಲಿ ಗೂಡು ಕಟ್ಟಿಕೊಂಡು ಹಕ್ಕಿಯ ಹೊಟ್ಟೆ ಸೇರಲು ಕಾದಿರುವ ಟ್ರೆಮಟೋಡ್ ಎಂಬ ಚಪ್ಪಟೆ ಹುಳುಗಳ ಮರಿಗಳು, ಅಂದರೆ ಮೆಟಾಸರ್ಕೇರಿಯಾ. ಇವು ಬಸವನಹುಳುವಿನಿಂದ, ನಮ್ಮ ತುಳುವಿನ ನರ್ತೆಯಂಥವುಗಳಿಂದ, ಹೊರಟು ಬಂದಿರುತ್ತವೆ.

ಈಗ ಕೋಷ್ಟಕ ನೋಡಿ. ಒಂದು ತಾಣದಲ್ಲಿ ಮೊದಲ ಗುಂಪು ಮಾತ್ರ ಇಲ್ಲವೆಂದರೆ ಅನುಮಾನ ಸಾಗಾಟದ ಮೇಲೆ. ಕರುಳಿನವು ಮಾತ್ರ ಇಲ್ಲವೆಂದರೆ ಮೀನನ್ನು ಎಷ್ಟು ಹೊತ್ತು ಉಪವಾಸ ಇಟ್ಟಿರಿ, ಸತ್ತು ಎಷ್ಟು ಹೊತ್ತಾಗಿತ್ತು ಎಂದು ಕೇಳಿಕೊಳ್ಳಬೇಕು. ಮೂರೂ ಗುಂಪು ಒಟ್ಟಿಗೆ ಕಡಿಮೆಯಾಗಿದ್ದರೆ ಮೀನಿನ ಗಾತ್ರ, ಇಲ್ಲವೇ ನೋಡಿದವರ ಕಣ್ಣು. ಮೂರನೆಯ ಗುಂಪು ಮಾತ್ರ ಕಾಣೆಯಾಗಿ ಉಳಿದೆರಡು ಸರಿಸಮ ಇದ್ದರೆ ಹೊಳೆಯನ್ನು ಅನುಮಾನಿಸಲು ಕಾರಣ ಸಿಕ್ಕಿತು. ಗೂಡು ಕಟ್ಟಿದ ಮರಿ ಗೋಣಿಯಲ್ಲಿ ಉದುರುವುದಿಲ್ಲ, ಒಂದೆರಡು ದಿನದ ಉಪವಾಸಕ್ಕೆ ಹೊರಬೀಳುವುದಿಲ್ಲ, ಐಸಿನಲ್ಲೂ ಬೇಗ ಕರಗುವುದಿಲ್ಲ.

ಕಿವಿರು ಖಾಲಿ ಇದ್ದರೆ

ಮುಗುಡಿನ ವಿಷಯದಲ್ಲಿ ಒಂದು ವಿಶೇಷ ಅಪಾಯ ಇದೆ. ಗಾಳಿ ಉಸಿರಾಡುವ ಅಂಗ ಇರುವುದರಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದರೂ ಅದು ಗಂಟೆಗಟ್ಟಲೆ ಜೀವಂತ. ತಂದವರಿಗೆ ‘ಫ್ರೆಶ್ ಸ್ಯಾಂಪಲ್’ ಎಂಬ ಸಮಾಧಾನ. ಮೀನೇನೋ ಬದುಕಿದೆ, ಅದರ ಮೈಮೇಲಿನವು ಒಣಗಿವೆ, ಇಲ್ಲವೇ ಲೋಳೆಯ ಜತೆ ಗೋಣಿಗೆ ಒರೆಸಿಕೊಂಡು ಹೋಗಿವೆ. ಗಾಳಿ ಉಸಿರಾಡಲಾಗದ ಬೇರೆ ಮೀನುಗಳು ಇಷ್ಟು ಹೊತ್ತು ಬದುಕದ ಕಾರಣ ಅವನ್ನು ನೀರಿನಲ್ಲೇ ತರುತ್ತೀರಿ. ಮುಗುಡಿಗೆ ಮಾತ್ರ ಗೋಣಿಯ ಉಪಚಾರ.

ಪರಿಹಾರ ಸರಳ. ಅದೇ ಹೊಳೆಯ ನೀರಿನಲ್ಲಿ, ಮೀನು ಒಂದಕ್ಕೆ ಒಂದು ಡಬ್ಬಿಯಂತೆ ತನ್ನಿ. ಡಬ್ಬಿಯ ನೀರನ್ನು ಚೆಲ್ಲಬೇಡಿ. ಪ್ಲಾಂಕ್ಟನ್ ಬಲೆಯಲ್ಲಿ ಸೋಸಿ, ಬಲೆಯಲ್ಲಿ ಉಳಿದದ್ದನ್ನು ಪೆಟ್ರಿ ತಟ್ಟೆಗೆ ಹಾಕಿ ನೋಡಿ. ಲವಂಗದ ಎಣ್ಣೆಯಲ್ಲಿ ಮೀನನ್ನು ಮಲಗಿಸುವವರು ಆ ದ್ರಾವಣವನ್ನೂ ನೋಡಬೇಕು, ಮಂಪರು ಮೀನಿಗೆ ಮಾತ್ರ ಬರುವುದಲ್ಲ. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಕಿವಿರಿನ ಹುಳಗಳು ಸಾಯುತ್ತವೆ, ಬಿಡುತ್ತವೆ. ಆದ್ದರಿಂದ ಐಸ್ ಪೆಟ್ಟಿಗೆಯಿಂದ ಮರುದಿನ ತೆಗೆದ ಮೀನಿನ ಕಿವಿರಿನ ‘ಸೊನ್ನೆ’ಯನ್ನು ಸೊನ್ನೆ ಎಂದು ಬರೆಯಬೇಡಿ. ಆ ಕೋಣೆ ಖಾಲಿ ಬಿಡಿ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ಎಕ್ಸೆಲ್ ಹಾಳೆಗೆ ಗೊತ್ತಾಗದಿದ್ದರೂ ನಿಮಗೆ ಗೊತ್ತಿರಬೇಕು.

ಕಿವಿರು ವಿಪರೀತ ತುಂಬಿದ್ದರೆ

ಇದು ಮೇಲಿನದರ ತಿರುವು, ಇನ್ನಷ್ಟು ಮೋಸದ್ದು. ವಾರವಿಡೀ ಸಿಕ್ಕ ಮೀನುಗಳನ್ನು ಒಂದೇ ಟಬ್ಬಿನಲ್ಲಿ ಕೂಡಿಟ್ಟು ಶನಿವಾರ ಎಲ್ಲವನ್ನೂ ಕೊಯ್ಯುವ ಪದ್ಧತಿ ಉಂಟಲ್ಲ, ಅದರ ಫಲ. ಟ್ರೈಕೊಡಿನಾ ಸೀಳಿ ಎರಡಾಗುತ್ತ ಹೋಗುತ್ತದೆ. ಗೈರೊಡ್ಯಾಕ್ಟಿಲಸ್ ಮೊಟ್ಟೆ ಇಡದೆ ಮರಿ ಹಾಕುತ್ತದೆ, ಆ ಮರಿಯ ಹೊಟ್ಟೆಯಲ್ಲಿ ಮುಂದಿನ ಮರಿ ಆಗಲೇ ಬೆಳೆಯುತ್ತಿರುತ್ತದೆ. ಬಿಳಿ ಚುಕ್ಕೆ ರೋಗದ ಇಕ್ತಿಯೊಫ್ತಿರಿಯಸ್ ಒಂದು ಮೀನಿನಲ್ಲಿ ಬಂದಿದ್ದರೆ ನಮ್ಮ ಸೆಕೆಗೆ ಕೆಲವೇ ದಿನಗಳಲ್ಲಿ ಒಂದು ಸುತ್ತು ಮುಗಿಸಿ ಟಬ್ಬಿನ ಎಲ್ಲ ಮೀನಿಗೂ ಹತ್ತುತ್ತದೆ. ಕುದುರೆ ಲಾಳದಾಕಾರದ ದೊಡ್ಡ ಕೋಶಕೇಂದ್ರ ಅದರ ಗುರುತುಗಳಲ್ಲೊಂದು.

ಪರೀಕ್ಷಿಸುವ ಬಗೆ: ಟಬ್ಬಿನಲ್ಲಿ ಕಳೆದ ದಿನಗಳಿಗೆ ಎದುರಾಗಿ ಹುಳಗಳ ಸಂಖ್ಯೆಯನ್ನು ಗುರುತಿಸಿ. ದಿನ ಹೆಚ್ಚಾದಂತೆ ಸಂಖ್ಯೆ ಏರುತ್ತಿದ್ದರೆ ನೀವು ಎಣಿಸಿದ್ದು ಟಬ್ಬನ್ನು, ಸೀತಾ ನದಿಯನ್ನಲ್ಲ.

ಕರುಳು ಖಾಲಿ ಇದ್ದರೆ

ಉಪವಾಸ ಬಿದ್ದ ಮೀನು ಕೆಲವು ಕರುಳು ಹುಳಗಳನ್ನು ಹೊರಹಾಕುತ್ತದೆ. ಸತ್ತು ಬಿಸಿಲಲ್ಲಿದ್ದ ಮೀನಿನಲ್ಲಿ ಲಾಡಿಹುಳು ಕರುಳಿನ ಗೋಡೆಯ ಜತೆಗೇ ಕರಗುತ್ತದೆ. ಫ್ರೀಜರಿನಲ್ಲಿಟ್ಟು ಕರಗಿಸಿದ ಮೀನಿನಲ್ಲಿ ಹುಳ ಸಿಕ್ಕಿದರೂ ಗುರುತು ಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಸರಿಯಾದ ಕ್ರಮ ಇಷ್ಟು. ಹಿಡಿದ ದಿನವೇ ಕೊಯ್ಯಿರಿ. ಕರುಳನ್ನು 0.7% ಉಪ್ಪುನೀರಿನಲ್ಲಿ ಉದ್ದಕ್ಕೆ ಸೀಳಿ, ಗೋಡೆಯನ್ನು ಮೆಲ್ಲಗೆ ಕೆರೆದು, ತಿಳಿಯಾಗುವವರೆಗೆ ತೊಳೆದು ಸೋಸಿ. ಲಾಡಿಹುಳು, ಚಪ್ಪಟೆ ಹುಳುಗಳನ್ನು ಬಿಸಿ ಫಾರ್ಮಲಿನ್‌ಗೆ ಹಾಕಿದರೆ ಮೈ ಚಾಚಿಕೊಂಡೇ ನಿಲ್ಲುತ್ತವೆ. ತಣ್ಣಗಿನದಕ್ಕೆ ಹಾಕಿದರೆ ಮುದುಡುತ್ತವೆ. ದುಂಡುಹುಳುವಿಗೆ ಬಿಸಿ 70% ಆಲ್ಕೊಹಾಲ್, ಆಮೇಲೆ ಗ್ಲಿಸರಿನ್‌ನಲ್ಲಿ ತಿಳಿಗೊಳಿಸುವುದು. ಮುಳ್ಳುತಲೆ ಹುಳುವನ್ನು ಮಾತ್ರ ಮೊದಲು ಬರೀ ನೀರಿನಲ್ಲಿ ಫ್ರಿಜ್ಜಿನಲ್ಲಿಡಬೇಕು. ಮೂತಿ ಹೊರಚಾಚಿದ ಮೇಲೆಯೇ ಆಲ್ಕೊಹಾಲ್. ಒಳಗೆಳೆದುಕೊಂಡ ಮೂತಿಯ ಕೊಕ್ಕೆಗಳನ್ನು ಎಣಿಸಲಾಗುವುದಿಲ್ಲ, ಕೊಕ್ಕೆ ಎಣಿಸದೆ ಹೆಸರು ಹೇಳಲಾಗುವುದಿಲ್ಲ. ಡಿಎನ್ಎಗೆ ಬೇಕಾದದ್ದನ್ನು ಫಾರ್ಮಲಿನ್ ಮುಟ್ಟಿಸದೆ ನೇರ 95% ಆಲ್ಕೊಹಾಲಿಗೆ.

ಎರಡು ಊರಿನಲ್ಲಿ ಎರಡು ಬಗೆಯಲ್ಲಿ ಇದನ್ನೆಲ್ಲ ಮಾಡಿದರೆ ಒಂದೇ ಲಾಡಿಹುಳುವಿಗೆ ಎರಡು ಹೆಸರು ಬೀಳುವುದು ಬಹುತೇಕ ಖಚಿತ. ಮುದುಡಿದ ಲೈಟೋಸೆಸ್ಟಸ್ ಮತ್ತು ಚಾಚಿದ ಲೈಟೋಸೆಸ್ಟಸ್ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಎಂದು ಹೇಳುವುದೂ ಕಷ್ಟ. ಉದ್ದ-ಅಗಲದ ಅನುಪಾತದ ಮೇಲೆ ‘ಉಡುಪಿ ಪ್ರಭೇದ’ ಹುಟ್ಟುವುದು ಹೀಗೆ.

ಮೀನು ಮುಗುಡೇ ಹೌದೇ?

ನಗೆ ಬರಬಹುದು. ಆದರೆ ಇದೊಂದೇ ದೋಷದಿಂದ ಇಡೀ ಕೆಲಸ ವ್ಯರ್ಥವಾಗಬಹುದು.

ಕರಾವಳಿಯ ನಮ್ಮ ಮುಗುಡು ಕ್ಲೇರಿಯಸ್ ದುಸ್ಸುಮಿಯೇರಿ, 1840ರಲ್ಲಿ ವಾಲಾನ್ಸಿಯೆನ್ ಹೆಸರಿಟ್ಟದ್ದು. ಹಳೆಯ ಭಾರತೀಯ ಪ್ರಬಂಧಗಳಲ್ಲಿ ಕಾಣುವ ಕ್ಲೇರಿಯಸ್ ಬಟ್ರಾಕಸ್ ಬೇರೆ. 2008ರಲ್ಲಿ ಆ ಹೆಸರು ಜಾವಾದ ಮೀನಿಗೆ ಸೀಮಿತವಾಯಿತು. ಉತ್ತರ ಮತ್ತು ಈಶಾನ್ಯ ಭಾರತದ ಮೀನಿಗೆ ಈಗ ಕ್ಲೇರಿಯಸ್ ಮಗುರ್ ಎನ್ನುತ್ತಾರೆ. ಹಾಗಾಗಿ ಬಂಗಾಳದ ‘ಬಟ್ರಾಕಸ್’ ಹುಳಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ‘ಮಂಗಳೂರಿನಲ್ಲಿ ಇಂತಿಂಥವು ಇಲ್ಲ’ ಎಂದು ಬರೆದರೆ ಅದು ಊರಿನ ವ್ಯತ್ಯಾಸ ಅಲ್ಲ, ಮೀನಿನ ವ್ಯತ್ಯಾಸ.

ಇದಕ್ಕಿಂತ ಹತ್ತಿರದ ತೊಂದರೆ ಆಫ್ರಿಕನ್ ಕ್ಯಾಟ್‌ಫಿಶ್. ಸಾಕಣೆಗೆ ನಿಷೇಧ ಇದ್ದರೂ ಅದು ಹೊಂಡಗಳಿಂದ ತಪ್ಪಿಸಿಕೊಂಡು ತೋಡು ಸೇರುತ್ತದೆ. ಮರಿಯಾಗಿದ್ದಾಗ ಎಷ್ಟೋ ಮಂದಿಗೆ ಮುಗುಡೇ. ಕಿವಿರಿನ ಕಮಾನು ತೆಗೆದು ನೋಡಿ: ಆಫ್ರಿಕನ್ ಮೀನಿನಲ್ಲಿ ಬಾಚಣಿಗೆಯ ಹಲ್ಲುಗಳು ಬಹಳ ಹೆಚ್ಚು, ಒತ್ತೊತ್ತು. ಮೈಮೇಲೆ ಮಾರ್ಬಲ್ ಕಲ್ಲಿನಂಥ ಮಚ್ಚೆಯೂ ಇರಬಹುದು. ಬೆನ್ನಿನ ರೆಕ್ಕೆ ಗಿಡ್ಡ ಇದ್ದರೆ ಅದು ಕ್ಲೇರಿಯಸ್ಸೇ ಅಲ್ಲ, ಚೇಳು ಮೀನು. ಅನುಮಾನ ಬಂದರೆ ಎಕ್ಕೂರಿನ ಮೀನುಗಾರಿಕೆ ಕಾಲೇಜು ಹತ್ತಿರವೇ ಇದೆ, 1969ರಿಂದ ಮೀನು ನೋಡುತ್ತಿರುವ ಜಾಗ. ಫೋಟೊ ಅಲ್ಲ, ಮೀನನ್ನೇ ಒಯ್ದು ತೋರಿಸಿ.

ಮಾರುಕಟ್ಟೆಯಲ್ಲಿ ಕೊಂಡ ಮೀನನ್ನು ಈ ಕೆಲಸಕ್ಕೆ ಬಳಸಲೇಬಾರದು ಎಂಬುದು ನನ್ನ ಹಟ. ‘ಇದು ನೇತ್ರಾವತಿದ್ದೇ ಸರ್’ ಎಂದು ಮಾರುವವರು ಹೇಳುವುದು ವ್ಯಾಪಾರದ ಮಾತು. ಘಟ್ಟದ ಮೇಲಿನಿಂದಲೂ ಮೀನು ಇಳಿಯುತ್ತದೆ.

ತಿಂಗಳು, ಗಾತ್ರ

ಜೂನ್ ಮೊದಲ ಮಳೆಗೆ ಮೀನು ಗದ್ದೆಗೆ ಏರುವಾಗ ಹಿಡಿಯುವ ಹತ್ತುಮೀನು, ತುಳುವರ ಉಬರ್, ಮುಗುಡು ಧಾರಾಳ ಸಿಗುವ ಕಾಲ. ಒಂದು ತಾಣದ ಮೀನು ಆ ದಿನಗಳಲ್ಲಿ ಬಂದದ್ದು, ಇನ್ನೊಂದು ತಾಣದ್ದು ಏಪ್ರಿಲ್‌ನಲ್ಲಿ ಬತ್ತಿದ ಕೆರೆಯ ಕೆಸರಿನಿಂದ ಅಗೆದದ್ದು ಎಂದಾದರೆ ಹೋಲಿಕೆಯೇ ಇಲ್ಲ. ಉಬರಿನಲ್ಲಿ ಸಿಗುವವು ಮೊಟ್ಟೆ ಇಡಲು ಹೊರಟ ದೊಡ್ಡವು. ಬೇಸಿಗೆಯ ಹೊಂಡದಲ್ಲಿ ಸಣ್ಣವೂ ದೊಡ್ಡವೂ ಒತ್ತೊತ್ತಾಗಿ ಇದ್ದಂಥವು. ಒತ್ತು ಹೆಚ್ಚಿದಷ್ಟು ಕಿವಿರಿನ ಹುಳಗಳಿಗೆ ಸುಗ್ಗಿ. ದೊಡ್ಡ ಮೀನು ಹೆಚ್ಚು ಕಾಲ ತಿಂದಿದೆ, ಅದರ ಕರುಳಿನಲ್ಲಿ ಹುಳ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಎರಡೂ ತಾಣದಿಂದ ಒಂದೇ ಉದ್ದದ ಮೀನುಗಳನ್ನಷ್ಟೇ ಆರಿಸಿಕೊಂಡು ಲೆಕ್ಕ ಮತ್ತೊಮ್ಮೆ ಮಾಡಿ. ಎಷ್ಟೋ ‘ವ್ಯತ್ಯಾಸ’ಗಳು ಇಲ್ಲೇ ಬಿದ್ದುಹೋಗುತ್ತವೆ.

ಎಷ್ಟು ಮೀನು, ಯಾವ ಸರಾಸರಿ

ನೂರರಲ್ಲಿ ಹತ್ತು ಮೀನಿಗೆ ಇರುವ ಹುಳು ಒಂದಿದೆ ಎನ್ನಿ. ನೀವು 10 ಮೀನು ಕೊಯ್ದರೆ ಅದು ಒಂದರಲ್ಲೂ ಸಿಗದೇ ಹೋಗುವ ಸಂಭವ ಸುಮಾರು 35%. 30 ಮೀನು ಕೊಯ್ದರೆ ಸುಮಾರು 4%. ಅಂದರೆ ಹತ್ತು ಮೀನಿನ ಬಲದ ಮೇಲೆ ‘ಸ್ವರ್ಣಾ ನದಿಯಲ್ಲಿ ಈ ಹುಳು ಇಲ್ಲ’ ಎನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. 30ರಲ್ಲಿ ಒಂದೂ ಸಿಗದಿದ್ದರೂ ಹೇಳಬಹುದಾದದ್ದು ‘ಇದ್ದರೂ 10%ಕ್ಕಿಂತ ಕಡಿಮೆ ಮೀನುಗಳಲ್ಲಿ ಇರಬಹುದು’ ಎಂದಷ್ಟೇ. ಸ್ಥಳೀಯ ಮೀನನ್ನು ಬೇಕಾಬಿಟ್ಟಿ ಕೊಲ್ಲುವುದೂ ಸರಿಯಲ್ಲ. ಅದಕ್ಕೇ ತಾಣಗಳನ್ನು ಕಡಿಮೆ ಮಾಡಿಕೊಂಡು ಪ್ರತಿ ತಾಣದ ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳುವುದು ಜಾಣತನ. ತೆಗೆದುಕೊಳ್ಳಬೇಕಾದ ಅನುಮತಿಗಳನ್ನು ಬಲೆ ಹಾಕುವ ಮೊದಲೇ ತೆಗೆದುಕೊಂಡಿರಿ.

ಸರಾಸರಿಯಲ್ಲಿ ಇನ್ನೊಂದು ಹೊಂಡ. 20 ಮೀನಿನಲ್ಲಿ 5ಕ್ಕೆ ಹುಳು, ಒಟ್ಟು 40 ಹುಳು ಎನ್ನಿ. ಸೋಂಕಿನ ಪ್ರಮಾಣ 25%. ಸೋಂಕು ಇರುವ ಮೀನಿಗೆ ಸರಾಸರಿ 8. ಎಲ್ಲ ಮೀನನ್ನೂ ಸೇರಿಸಿದರೆ ಸರಾಸರಿ 2. ಒಂದೇ ಮೀನುಗಳು, ಎಂಟೂ ಸರಿ ಎರಡೂ ಸರಿ. ಬಂಟ್ವಾಳದ ತಂಡ ಒಂದನ್ನು, ಬಾರ್ಕೂರಿನ ತಂಡ ಇನ್ನೊಂದನ್ನು ಬರೆದಿದ್ದರೆ ನಾಲ್ಕು ಪಟ್ಟು ‘ವ್ಯತ್ಯಾಸ’ ಕಾಗದದ ಮೇಲೆ ಹುಟ್ಟಿತು. ಈ ಪದಗಳ ಅರ್ಥವನ್ನು ಬುಷ್ ಮತ್ತು ಸಂಗಡಿಗರು 1997ರಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಯಾವುದನ್ನು ಬಳಸುತ್ತೀರೋ ಅದನ್ನು ಕೋಷ್ಟಕದ ತಲೆಬರಹದಲ್ಲೇ ಬರೆಯಿರಿ.

ಮೇಲಾಗಿ ಆ 40ರಲ್ಲಿ 33 ಒಂದೇ ಮೀನಿನಲ್ಲಿ ಇರಬಹುದು. ಹುಳಗಳು ಸಮನಾಗಿ ಹಂಚಿಕೊಳ್ಳುವುದಿಲ್ಲ; ಹೆಚ್ಚಿನ ಮೀನಿಗೆ ಇಲ್ಲ ಅಥವಾ ಸ್ವಲ್ಪ, ಕೆಲವಕ್ಕೆ ವಿಪರೀತ. ಕ್ರಾಫ್ಟನ್ 1971ರಲ್ಲಿ ಇದನ್ನು ಪರೋಪಜೀವಿತನದ ಲಕ್ಷಣವೆಂದೇ ಹೇಳಿದರು. ಹಾಗಿರುವಾಗ ಬರೀ ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಹಾಕಿ ಪಿ-ಬೆಲೆ ತೋರಿಸುವುದು ವ್ಯರ್ಥ. ಅತಿ ಹೆಚ್ಚು ಹುಳ ಇದ್ದ ಒಂದು ಮೀನನ್ನು ತೆಗೆದು ಮತ್ತೆ ನೋಡಿ. ವ್ಯತ್ಯಾಸ ಮಾಯವಾದರೆ ನಿಮ್ಮ ಭೂಗೋಳವೆಲ್ಲ ಆ ಒಂದು ಮೀನಿನ ಹೊಟ್ಟೆಯಲ್ಲಿತ್ತು.

ನೋಡಿದವರು ಯಾರು?

ಉಡುಪಿಯ ವಿದ್ಯಾರ್ಥಿ ಉಡುಪಿಯ ಮೀನು, ಮಂಗಳೂರಿನ ವಿದ್ಯಾರ್ಥಿನಿ ಮಂಗಳೂರಿನ ಮೀನು ಎಂದು ಕೆಲಸ ಹಂಚಿಕೊಳ್ಳುವುದು ಅನುಕೂಲ, ಆದರೆ ಅದಕ್ಕಿಂತ ಕೆಟ್ಟ ವಿನ್ಯಾಸ ಮತ್ತೊಂದಿಲ್ಲ. ಒಬ್ಬರ ಕಣ್ಣಿಗೆ ಬೀಳುವ ಮಿಕ್ಸೊಬೋಲಸ್ ಎಂಬ ಸೂಕ್ಷ್ಮ ಪರೋಪಜೀವಿಯ ಗೂಡು ಇನ್ನೊಬ್ಬರಿಗೆ ಕೊಬ್ಬಿನ ಹನಿ. ಹೊಳೆಯ ಹೆಸರು ಮುಚ್ಚಿ, ಬರೀ ಸಂಖ್ಯೆ ಬರೆದ ಕೆಲವು ಮೀನುಗಳನ್ನು ಇಬ್ಬರೂ ಅದಲುಬದಲು ಮಾಡಿಕೊಂಡು ನೋಡಲಿ: ಎಡ ಕಿವಿರು ಒಬ್ಬರಿಗೆ, ಬಲ ಕಿವಿರು ಇನ್ನೊಬ್ಬರಿಗೆ. ಮುಗುಡಿನ ಎರಡೂ ಬದಿಯ ಎಣಿಕೆಯಲ್ಲಿ ಪ್ರತಿ ಸಲವೂ ಒಬ್ಬರದೇ ಹೆಚ್ಚು ಬರುತ್ತಿದ್ದರೆ ದೋಷ ಸಿಕ್ಕಿತು.

ಹೆಸರಿಡುವಲ್ಲಿಯೂ ಒಬ್ಬರದೇ ಕಣ್ಣು ಸಾಲದು. ಕೆಂಪು ದುಂಡುಹುಳು ಎಂದಷ್ಟೇ ಕಂಡು ಎಲ್ಲವನ್ನೂ ಕಮಲ್ಲಾನಸ್ ಎನ್ನುವವರಿದ್ದಾರೆ. ಬಾಯಿಯ ಕಂದು ಬಣ್ಣದ ಗಟ್ಟಿ ಕೋಶ ಪೀಪಾಯಿಯಂತೆ ಒಂದೇ ತುಂಡಾಗಿ ನುಣುಪಾಗಿದೆಯೋ, ಒಳಗೆ ಸುರುಳಿ ಗೆರೆ ಇದೆಯೋ, ಎರಡು ಚಿಪ್ಪಾಗಿದೆಯೋ ನೋಡಿದ ಮೇಲೆ ಹೆಸರು. ಮೆಟಾಸರ್ಕೇರಿಯಾವನ್ನು ಮಾತ್ರ ಆಕಾರ ನೋಡಿ ಪ್ರಭೇದದ ಮಟ್ಟಕ್ಕೆ ಹೆಸರಿಸಬೇಡಿ. ಅದು ಮರಿ. ‘ವಿಧ 1’, ‘ವಿಧ 2’ ಎಂದು ಬರೆದರೆ ಯಾರೂ ಮರ್ಯಾದೆ ಕಳೆಯುವುದಿಲ್ಲ.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ

ಆಗ ಹೊಳೆಗೆ ಹೋಗಿ. ಆದರೆ ಹೊಳೆಗೊಂದು ತಾಣ ಸಾಲದು. ನೇತ್ರಾವತಿಯಲ್ಲಿ ಒಂದು, ಸೀತೆಯಲ್ಲಿ ಒಂದು ಗದ್ದೆ ನೋಡಿದವರಿಗೆ ಗೊತ್ತಾಗಿರುವುದು ಎರಡು ಗದ್ದೆಗಳ ವ್ಯತ್ಯಾಸ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರುವ ಮೇಲ್ಭಾಗ ಮತ್ತು ಪಾಣೆಮಂಗಳೂರಿನ ಆಸುಪಾಸು, ಹೀಗೆ ಒಂದೇ ಹೊಳೆಯ ಒಳಗಿನ ವ್ಯತ್ಯಾಸ ಎಷ್ಟೆಂದು ತಿಳಿದರೆ ಮಾತ್ರ ಹೊಳೆಗಳ ನಡುವಿನದಕ್ಕೆ ಅರ್ಥ. ಒಳಗಿನದೇ ದೊಡ್ಡದಾಗಿದ್ದರೆ ಜಿಲ್ಲೆಗಳ ಹೆಸರನ್ನು ಶೀರ್ಷಿಕೆಯಿಂದ ತೆಗೆಯಿರಿ.

ಟ್ರೆಮಟೋಡ್ ಇಲ್ಲದ ತಾಣದಲ್ಲಿ ನರ್ತೆ ಹುಡುಕಿ. ಸಿಕ್ಕಿದ್ದನ್ನು ಒಂದೊಂದಾಗಿ ಗಾಜಿನ ಲೋಟದ ನೀರಿನಲ್ಲಿ ಬೆಳಕಿಗಿಟ್ಟರೆ ಸೋಂಕು ಇದ್ದವು ಬಾಲದ ಸರ್ಕೇರಿಯಾ ಮರಿಗಳನ್ನು ಬಿಡುತ್ತವೆ, ಕಪ್ಪು ಬಟ್ಟೆಯ ಎದುರು ಕೈಲೆನ್ಸಿನಲ್ಲೇ ಕಾಣುತ್ತದೆ. ನರ್ತೆ ಇದೆ, ಮರಿ ಬಿಡುತ್ತಿಲ್ಲ ಎಂದರೆ ಬೆಳ್ಳಕ್ಕಿ, ನೀರುಕಾಗೆ ಬರುತ್ತವೆಯೇ ಗಮನಿಸಿ. ಹಕ್ಕಿ ಹಿಕ್ಕೆ ಹಾಕದ ಕಡೆ ಚಕ್ರ ತಿರುಗುವುದಿಲ್ಲ. ಲಾಡಿಹುಳು ಒಂದು ಕಡೆ ಮಾತ್ರ ಎಂದರೆ ಕೆಸರು ಜಾಲಿಸಿ ಟ್ಯೂಬಿಫೆಕ್ಸ್ ನೋಡಿ. ಹಟ್ಟಿಯ (ದನದ ಕೊಟ್ಟಿಗೆಯ) ನೀರು ಸೇರುವ ತೋಡಿನಲ್ಲಿ ಅದು ಬುಟ್ಟಿಗಟ್ಟಲೆ ಇರುತ್ತದೆ, ಜಂಬುಕಲ್ಲಿನ ಮೇಲೆ ಹರಿಯುವ ತಿಳಿನೀರಿನಲ್ಲಿ ಅಪರೂಪ. ಇಂಥಲ್ಲಿ ಕಾರಣ ನದಿಯಲ್ಲ, ಹಟ್ಟಿ.

ಉಪ್ಪನ್ನೂ ಅಳೆಯಿರಿ. ಸ್ವರ್ಣಾ ಮತ್ತು ಸೀತಾ ಕೋಡಿಬೆಂಗ್ರೆಯಲ್ಲಿ, ನೇತ್ರಾವತಿ ಮತ್ತು ಗುರುಪುರ ಮಂಗಳೂರಿನ ಅಳಿವೆಯಲ್ಲಿ ಒಂದೇ ಬಾಯಿಂದ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ಉಪ್ಪುನೀರು, ಹಲಗೆ ಹಾಕಿ ನೀರು ತಡೆಯುವ ಕಿಂಡಿ ಅಣೆಕಟ್ಟಿನ ಬುಡದವರೆಗೂ ಏರುತ್ತದೆ. ಹಲಗೆಯ ಮೇಲ್ಬದಿ ಸಿಹಿ, ಕೆಳಬದಿ ಸವಳು. ಮುಗುಡು ಸ್ವಲ್ಪ ಸವಳು ತಾಳಿಕೊಂಡರೂ ಅದರ ಕಿವಿರಿನ ಹುಳು ತಾಳಬೇಕೆಂದಿಲ್ಲ. ನಾರ್ವೆಯ ಸಾಲ್ಮನ್ ಹೊಳೆಗಳಲ್ಲಿ ಇದೇ ನಡೆದದ್ದು. 1975ರಲ್ಲಿ ಅಲ್ಲಿ ಮೊದಲು ಕಂಡ ಗೈರೊಡ್ಯಾಕ್ಟಿಲಸ್ ಸಲಾರಿಸ್ ಪೂರ್ಣ ಕಡಲನೀರನ್ನು ದಾಟಲಾರದು, ಆದರೆ ಸವಳಾದ ಫ್ಯೋರ್ಡ್ (ಒಳನುಗ್ಗಿದ ಕಡಲ ಕೊಲ್ಲಿ) ಇದ್ದಲ್ಲಿ ಮೀನಿನ ಜತೆ ಪಕ್ಕದ ಹೊಳೆಗೆ ಹೋಯಿತು. ದೂರದ ಹೊಳೆಗಳಿಗೆ ಅದನ್ನು ಮುಟ್ಟಿಸಿದ್ದು ಮನುಷ್ಯರು ಸಾಗಿಸಿದ ಮರಿ ಮೀನು. ಬಾಲ್ಟಿಕ್ ಕಡೆಯ ಸಾಲ್ಮನ್ ಆ ಹುಳುವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ನಾರ್ವೆಯದು ಸಾಯುತ್ತದೆ. ಅದು ನಿಜವಾದ ಭೌಗೋಳಿಕ ವ್ಯತ್ಯಾಸ. ಹೊಳೆಗಳ ಜೋಡಣೆ, ಮೀನಿನ ವಂಶ, ಲಾರಿಯ ದಾರಿ ಮೂರೂ ಸೇರಿ ಆದದ್ದು. ನಮ್ಮಲ್ಲೂ ಕೇಳಲೇಬೇಕಾದ ಪ್ರಶ್ನೆ: ಈ ಕೆರೆಗೆ ಹೊರಗಿನ ಮರಿ ಬಿಟ್ಟಿದ್ದಾರೆಯೇ, ಯಾವಾಗ, ಎಲ್ಲಿಂದ? ಪಂಚಾಯತಿಯಲ್ಲಿ ಕಾಗದ ಸಿಗದಿದ್ದರೆ ಕೆರೆ ಬದಿಯ ಮನೆಯವರನ್ನು ಕೇಳಿ, ಅವರಿಗೆ ನೆನಪಿರುತ್ತದೆ.

ವರದಿಯಲ್ಲಿ ತಾಣದ ಹೆಸರು, ತಿಂಗಳು, ಮೀನಿನ ಉದ್ದ, ನೀರಿನ ಉಪ್ಪು, ಹಿಡಿದ ಹೊತ್ತಿಗೂ ಕೊಯ್ದ ಹೊತ್ತಿಗೂ ನಡುವಿನ ಅವಧಿ ಇವೆಲ್ಲ ಹುಳದ ಸಂಖ್ಯೆಯ ಪಕ್ಕದ ಕಾಲಮ್ಮಿನಲ್ಲೇ ಇರಲಿ, ಅನುಬಂಧದಲ್ಲಲ್ಲ. ಪ್ರತಿ ಬಗೆಯ ಹುಳುವಿನ ಒಂದೆರಡು ಮಾದರಿಗಳನ್ನು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯ ಸಮೇತ ಸೀಸೆಯೊಳಗೆ ಉಳಿಸಿ. ಬಾಲ್ ಪೆನ್ನಿನ ಬರಹ ಆಲ್ಕೊಹಾಲಿನಲ್ಲಿ ಕದಡಿಹೋಗುತ್ತದೆ.